ಶಿರವಾಡದಲ್ಲಿ ರೈಲು ಹತ್ತುವವರಿಗೆ: ಕಾರವಾರ ನಿಲ್ದಾಣದ ಕಥೆ, ದಾರಿ, ಟಿಕೆಟ್

ಕಾರವಾರಕ್ಕೆ ಮೊದಲ ಸಲ ರೈಲಿನಲ್ಲಿ ಬಂದಿಳಿದವರು ನಿಲ್ದಾಣದ ಹೊರಗೆ ನಿಂತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಊರು ಎಲ್ಲಿದೆ?" ಸಮುದ್ರ ಕಾಣುವುದಿಲ್ಲ. ಪೇಟೆ ಕಾಣುವುದಿಲ್ಲ. ಬೋರ್ಡಿನ ಮೇಲೆ ಕಾರವಾರ ಎಂದು ಬರೆದಿದ್ದರೂ ನೀವು ನಿಂತಿರುವುದು ಶಿರವಾಡದಲ್ಲಿ. ಪೇಟೆಯ ಬಸ್ ಸ್ಟ್ಯಾಂಡ್ ಇಲ್ಲಿಂದ ಇನ್ನೂ ಆರೇಳು ಕಿಲೋಮೀಟರ್ ದೂರ.

ಇಲ್ಲಿಂದ ಹತ್ತುವವರ ಪಾಡೂ ಅಷ್ಟೇ. ಟಿಕೆಟ್ ಸಿಕ್ಕಿರುತ್ತದೆ, ಬರ್ತ್ ಖಚಿತವಾಗಿರುತ್ತದೆ, ಆದರೆ ಆ ಆರೇಳು ಕಿಲೋಮೀಟರ್ ಲೆಕ್ಕಕ್ಕೆ ಬಂದಿರುವುದಿಲ್ಲ. ಇಲ್ಲವಾದರೆ ಯಾವ ರೈಲು ಯಾವ ಊರಿನ ಯಾವ ನಿಲ್ದಾಣಕ್ಕೆ ಹೋಗುತ್ತದೆ ಎಂದು ನೋಡಿಕೊಂಡಿರುವುದಿಲ್ಲ. ನಾನು ಹಲವು ವರ್ಷಗಳಿಂದ ಇಲ್ಲಿಂದ ಓಡಾಡುತ್ತಿದ್ದೇನೆ. ಒಬ್ಬನೇ ಹೋಗಿದ್ದೇನೆ, ವಯಸ್ಸಾದ ಆಯಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದೇನೆ, ಜೋರು ಮಳೆಯಲ್ಲಿ ಗಂಟೆಗಟ್ಟಲೆ ಕಾದಿದ್ದೇನೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸ್ವಲ್ಪ ಹಿಂದಿನ ಕಥೆ

ಕಥೆ ಗೊತ್ತಿದ್ದರೆ ಈ ರೈಲಿನ ಸ್ವಭಾವವೂ ಅರ್ಥವಾಗುತ್ತದೆ. ಅದಕ್ಕೆ ಮೊದಲು ಇದನ್ನೇ ಹೇಳುತ್ತೇನೆ.

ನಮ್ಮ ಜಿಲ್ಲೆಗೆ ರೈಲು ಹೊಸದಲ್ಲ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ಗೆ 19ನೇ ಶತಮಾನದ ಕೊನೆಯಲ್ಲೇ ರೈಲು ಬಂದಿತ್ತು. ಧಾರವಾಡ ಕಡೆಯ ಹತ್ತಿಯನ್ನು ಸಮುದ್ರಕ್ಕೆ ಮುಟ್ಟಿಸಲು ಕಾರವಾರ ಬಂದರಿಗೆ ರೈಲು ಹಾಕುವ ಮಾತು ಬ್ರಿಟಿಷರ ಕಾಲದಲ್ಲಿ ನಡೆದಿತ್ತು. ಆದರೆ ಹಳಿ ಹೋದದ್ದು ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವಾದ ಮರ್ಮಗೋವಾ ಬಂದರಿಗೆ. ಹೀಗೆ ಜಿಲ್ಲೆಯ ಒಂದು ಕಾಡಿನ ಮೂಲೆಗೆ ರೈಲು ಬಂದರೂ ಜಿಲ್ಲಾ ಕೇಂದ್ರ ಕಾರವಾರ ಮತ್ತೆ ನೂರು ವರ್ಷ ಕಾಯಬೇಕಾಯಿತು. ರೈಲು ಹಿಡಿಯಬೇಕು ಎಂದರೆ ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕಿತ್ತು. ಇಲ್ಲದಿದ್ದರೆ ಗೋವಾಕ್ಕೆ.

ಕೊಂಕಣ ರೈಲ್ವೆ ನಿಗಮ ಶುರುವಾದದ್ದು 1990ರಲ್ಲಿ. ಆಗ ರೈಲ್ವೆ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಕೆಲಸದ ಹೊಣೆ ಹೊತ್ತವರು ಇ. ಶ್ರೀಧರನ್. ಕೇಂದ್ರ ಸರ್ಕಾರದ ಜೊತೆಗೆ ಮಹಾರಾಷ್ಟ್ರ, ಕರ್ನಾಟಕ, ಗೋವಾ ಮತ್ತು ಕೇರಳ ಕೂಡ ಇದಕ್ಕೆ ಬಂಡವಾಳ ಹಾಕಿದವು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ದಾರಿ. 90ಕ್ಕೂ ಹೆಚ್ಚು ಸುರಂಗಗಳು, ಸಣ್ಣದು ದೊಡ್ಡದು ಸೇರಿ ಎರಡು ಸಾವಿರದಷ್ಟು ಸೇತುವೆಗಳು. ಮಂಗಳೂರು ಕಡೆಯಿಂದ ಉಡುಪಿಗೆ 1993ರಲ್ಲೇ ರೈಲು ಓಡಿತು. ಆದರೆ ಗೋವಾದ ಪೆರ್ನೆಂ ಸುರಂಗ ಮತ್ತೆ ಮತ್ತೆ ಕುಸಿದು ಎಲ್ಲರನ್ನೂ ಕಾಯಿಸಿತು. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಆ ಸುರಂಗಕ್ಕೇ ಆರು ವರ್ಷ ಹಿಡಿಯಿತು. ಕೊನೆಗೆ 1998ರ ಜನವರಿ 26ಕ್ಕೆ ಇಡೀ ದಾರಿ ತೆರೆಯಿತು. ಅದೇ ವರ್ಷ ಮೇ 1ರಂದು ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ರತ್ನಾಗಿರಿಯಲ್ಲಿ ಅದನ್ನು ದೇಶಕ್ಕೆ ಅರ್ಪಿಸಿದರು.

ನಿಲ್ದಾಣ ಊರೊಳಗೆ ಯಾಕಿಲ್ಲ ಎಂದು ಕೇಳುವವರು ಒಮ್ಮೆ ನಕ್ಷೆ ತೆಗೆದು ನೋಡಿ. ಕಾರವಾರ ಪೇಟೆ ಸಮುದ್ರಕ್ಕೆ ಅಂಟಿಕೊಂಡಿದೆ. ಉತ್ತರಕ್ಕೆ ಕಾಳಿ ನದಿ ಅಗಲವಾಗಿ ಸಮುದ್ರ ಸೇರುತ್ತದೆ. ದಕ್ಷಿಣಕ್ಕೆ ಬಂದರು, ಅದರಾಚೆ ಬಿಣಗಾ, ಅರ್ಗಾ ಕಡೆ ನೌಕಾನೆಲೆ. ಬೆನ್ನಿಗೆ ಗುಡ್ಡ. ರೈಲು ಹೆದ್ದಾರಿ ಸೇತುವೆಗಿಂತ ಒಳಗಡೆ ಕಾಳಿಯನ್ನು ದಾಟಿ, ಗುಡ್ಡದ ಬುಡ ಹಿಡಿದು ಶಿರವಾಡಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ಸುರಂಗ ಹೊಕ್ಕುತ್ತದೆ. ಕರಾವಳಿಯ ಬಹಳ ಊರುಗಳಲ್ಲಿ ರೈಲಿನದು ಇದೇ ಕಥೆ.

ಈ ದಾರಿಗಾಗಿ ಜಾಗ ಬಿಟ್ಟುಕೊಟ್ಟವರು ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಗದ್ದೆ, ತೋಟ, ಮನೆ ಹೋದ ಕುಟುಂಬಗಳು. ರೈಲು ಹತ್ತುವಾಗ ಅವರ ನೆನಪು ಇರಬೇಕು ಅನ್ನಿಸುತ್ತದೆ ನನಗೆ.

ಹೆಜ್ಜೆ 1: ನಿಮ್ಮ ನಿಲ್ದಾಣ ಯಾವುದು?

ಉತ್ತರ ಕನ್ನಡದ ಕರಾವಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಬಂದರೆ ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ ಸಿಗುತ್ತವೆ. ಎಲ್ಲ ರೈಲೂ ಎಲ್ಲ ಕಡೆ ನಿಲ್ಲುವುದಿಲ್ಲ. ಅಸ್ನೋಟಿ, ಹಾರವಾಡ, ಮಿರ್ಜಾನ್, ಚಿತ್ರಾಪುರದಂಥ ಸಣ್ಣ ನಿಲ್ದಾಣಗಳವರಿಗೆ ಪ್ಯಾಸೆಂಜರ್ ರೈಲೇ ಗತಿ. ಎಕ್ಸ್‌ಪ್ರೆಸ್ ಬೇಕಿದ್ದರೆ ಪಕ್ಕದ ದೊಡ್ಡ ನಿಲ್ದಾಣಕ್ಕೆ ಹೋಗಬೇಕು.

ಕೆಲವು ಮಾತು ಇಲ್ಲೇ ನೆನಪಿಟ್ಟುಕೊಳ್ಳಿ. ಗೋಕರ್ಣ ರೋಡ್ ಎಂಬ ಹೆಸರಲ್ಲೇ 'ರೋಡ್' ಇದೆ. ಅಲ್ಲಿಂದ ಗೋಕರ್ಣ ಸುಮಾರು 10 ಕಿಲೋಮೀಟರ್. ನಿಮ್ಮ ರೈಲು ಅಲ್ಲಿ ನಿಲ್ಲದಿದ್ದರೆ ಕುಮಟಾ ಅಥವಾ ಅಂಕೋಲಾದಲ್ಲಿ ಇಳಿದು ಬಸ್ಸು ಹಿಡಿಯಿರಿ. ಇನ್ನೊಂದು, ರೈಲಿನ ಪಟ್ಟಿಯಲ್ಲಿರುವ ಶಿರೂರು ಉಡುಪಿ ಜಿಲ್ಲೆಯ ಬೈಂದೂರು ಹತ್ತಿರದ್ದು. 2024ರ ಜುಲೈನಲ್ಲಿ ಗುಡ್ಡ ಕುಸಿದ ಅಂಕೋಲಾದ ಶಿರೂರು ಬೇರೆ. ಹೆಸರು ಒಂದೇ ಆದ್ದರಿಂದ ಹೊರಗಿನವರು ತಪ್ಪು ತಿಳಿಯುತ್ತಾರೆ.

ಶಿರಸಿಯವರಿಗೆ ಊರಲ್ಲಿ ರೈಲಿಲ್ಲ. ಮುಂಬೈ, ಗೋವಾ, ಮಂಗಳೂರು, ಕೇರಳ ಕಡೆ ಹೋಗುವುದಿದ್ದರೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬನ್ನಿ, ಸುಮಾರು 60 ಕಿಲೋಮೀಟರ್. ಬೆಂಗಳೂರು, ಮೈಸೂರು ಕಡೆಗೆ ಸಿದ್ದಾಪುರದ ಮೇಲೆ ತಾಳಗುಪ್ಪಕ್ಕೆ ಹೋಗುವುದು ಲೇಸು. ಹಾವೇರಿಯೂ ಇದೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ತೆರೆದಿದೆಯಾ ಎಂದು ಹಿಂದಿನ ದಿನವೇ ವಿಚಾರಿಸಿ, ಟಿಕೆಟ್ ಇದ್ದರೂ ರಸ್ತೆ ಇಲ್ಲದಿದ್ದರೆ ಏನು ಮಾಡುವುದು? ಹುಬ್ಬಳ್ಳಿ–ಅಂಕೋಲಾ ರೈಲು ಬಂದರೆ ಘಟ್ಟದ ಮೇಲಿನವರ ಕಷ್ಟ ಕಡಿಮೆಯಾದೀತು ಎಂದು ದಶಕಗಳಿಂದ ಕಾಯುತ್ತಿದ್ದೇವೆ. ಪಶ್ಚಿಮಘಟ್ಟದ ದಟ್ಟ ಕಾಡಿನ ಪ್ರಶ್ನೆಯಿಂದ ಅದು ನಿಂತೇ ಇದೆ. ಕಾಡೂ ನಮ್ಮದೇ ಆದ್ದರಿಂದ ಸುಲಭದ ಉತ್ತರ ನನ್ನ ಹತ್ತಿರವೂ ಇಲ್ಲ.

ಹೆಜ್ಜೆ 2: ರೈಲು ಹೋಗಿ ಮುಟ್ಟುವುದು ಎಲ್ಲಿಗೆ?

ಈ ಹೆಜ್ಜೆಯಲ್ಲಿ ನಾನು ಎಡವಿದ್ದೇನೆ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಆಯಿಗೆ ಮಂಗಳೂರಿನಲ್ಲಿ ಕಣ್ಣಿನ ಡಾಕ್ಟರ್ ಹತ್ತಿರ ಬೆಳಗಿನ ಸಮಯ ಸಿಕ್ಕಿತ್ತು. ಹಿಂದಿನ ದಿನ ಸಂಜೆ ಬೆಂಗಳೂರಿಗೆ ಹೊರಡುವ ಪಂಚಗಂಗಾ ರೈಲಿನಲ್ಲಿ ಸೀಟು ಖಾಲಿ ಇತ್ತು. ಆ್ಯಪ್ ಹತ್ತಿರದ ನಿಲ್ದಾಣ ಎಂದು ಸುರತ್ಕಲ್ ತೋರಿಸಿತು. ಸುರತ್ಕಲ್ ಅಂದರೆ ಮಂಗಳೂರೇ ಅಲ್ವಾ ಎಂದುಕೊಂಡು ಟಿಕೆಟ್ ಮಾಡಿದೆ. ಉಡುಪಿ ದಾಟಿದ ಮೇಲೆ ಎದುರಿನ ಸೀಟಿನ ಹೆಂಗಸೊಬ್ಬರು ಆಯಿಯನ್ನು ಮಾತಾಡಿಸುತ್ತಾ, "ಈ ಗಾಡಿ ಮಂಗಳೂರು ಪೇಟೆಗೆ ಹೋಗುವುದಿಲ್ಲ, ಆಯಿ. ರಾತ್ರಿ ಸುರತ್ಕಲ್ಲಿನಲ್ಲಿ ಇಳಿದು ಏನು ಮಾಡುತ್ತೀರಿ?" ಎಂದರು. ಆಯಿ ನನ್ನ ಮುಖ ನೋಡಿದಳು. ಇಳಿದಾಗ ರಾತ್ರಿ ಬಹಳ ಆಗಿತ್ತು, ಸಿಟಿ ಬಸ್ ಇರಲಿಲ್ಲ. ಆಯಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಳು, ನಾನು ಟ್ಯಾಕ್ಸಿ ಹುಡುಕಿಕೊಂಡು ಹೊರಗೆ ಹೋದೆ. ಅವಳು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಆಮೇಲೆ ಕಲಿತದ್ದು ಇಷ್ಟು.

ಮಂಗಳೂರಿಗೆ ಮೂರು ಬಗೆಯಲ್ಲಿ ಹೋಗಬಹುದು. ಮಂಗಳೂರು ಸೆಂಟ್ರಲ್ ಪೇಟೆಯ ನಡುವೆ, ಹಂಪನಕಟ್ಟೆಯ ಹತ್ತಿರ ಇದೆ. ಮುಂಬೈಯಿಂದ ಬರುವ ಮತ್ಸ್ಯಗಂಧಾ ಅಲ್ಲಿಗೆ ಹೋಗುತ್ತದೆ. ಮಂಗಳೂರು ಜಂಕ್ಷನ್ ಪಡೀಲ್ ಬದಿಗೆ, ಪೇಟೆಯಿಂದ ಕೆಲವು ಕಿಲೋಮೀಟರ್ ಆಚೆ. ಮಂಗಳಾ ಎಕ್ಸ್‌ಪ್ರೆಸ್‌ನಂತೆ ಕೇರಳಕ್ಕೆ ಹೋಗುವ ಬಹಳ ರೈಲುಗಳು ಜಂಕ್ಷನ್ನಿನಲ್ಲಿ ನಿಂತು ಮುಂದೆ ಹೋಗುತ್ತವೆ. ಇನ್ನು ಪಂಚಗಂಗಾ ಈ ಎರಡಕ್ಕೂ ಹೋಗದೆ ಸುರತ್ಕಲ್ ಆದ ಮೇಲೆ ಪಡೀಲ್ ಬೈಪಾಸ್ ಹಿಡಿದು ಬಂಟ್ವಾಳಕ್ಕೆ ಹೊರಟುಬಿಡುತ್ತದೆ. ಬೆಂಗಳೂರಿಗೆ ಬೇಗ ಮುಟ್ಟಲಿ ಎಂದೇ ಹಾಗೆ ಮಾಡಿದ್ದು. ಬೆಂಗಳೂರಿಗೆ ಹೋಗುವವರಿಗೆ ಅದು ವರ. ಮಂಗಳೂರಿಗೆ ಹೋಗುವವರು ಮಾತ್ರ ಗೊತ್ತಿದ್ದೇ ಹತ್ತಬೇಕು.

ಮಣಿಪಾಲದ ಆಸ್ಪತ್ರೆಗೆ ಹೋಗುವವರು ಉಡುಪಿಯಲ್ಲಿ ಇಳಿಯಿರಿ. ನಿಲ್ದಾಣ ಇಂದ್ರಾಳಿಯಲ್ಲಿದೆ, ಉಡುಪಿಗೂ ಮಣಿಪಾಲಕ್ಕೂ ನಡುವೆ. ಹೀಗಾಗಿ ಪೇಟೆಗೆ ಹೋಗಿ ವಾಪಸ್ ಬರುವ ಅಗತ್ಯವಿಲ್ಲ. ಕಾರವಾರ, ಅಂಕೋಲಾದವರು ದೊಡ್ಡ ಚಿಕಿತ್ಸೆಗೆ ಇಂದಿಗೂ ಮಣಿಪಾಲ, ಮಂಗಳೂರು, ಗೋವಾ ಎಂದು ಓಡಬೇಕಾಗಿದೆ. ಅದಕ್ಕೇ ಈ ವಿವರ ಸುಮ್ನೆ ಅಲ್ಲ. ಗೋವಾದ ಬಾಂಬೋಳಿ ಆಸ್ಪತ್ರೆಗೆ ಹೋಗುವವರು ಮಡಗಾಂವದಲ್ಲಿ ಇಳಿದು ಬಸ್ಸು ಹಿಡಿಯಬಹುದು. ಅಲ್ಲಿ ನಿಲುಗಡೆ ಇರುವ ರೈಲಾದರೆ ಪಣಜಿಗೆ ಹತ್ತಿರದ ಕರಮಳಿಯಲ್ಲೂ ಇಳಿಯಬಹುದು.

ಬೆಂಗಳೂರಿಗೂ ಹೀಗೇ ಮೂರು ನಿಲ್ದಾಣ. ಕಾರವಾರದಿಂದ ಸಂಜೆ ಹೊರಡುವ 16596 ಪಂಚಗಂಗಾ ಮೆಜೆಸ್ಟಿಕ್‌ನ ಕೆಎಸ್‌ಆರ್ ಬೆಂಗಳೂರಿಗೆ ಬೆಳಿಗ್ಗೆ ಮುಟ್ಟುತ್ತದೆ. ಹಿಂದಕ್ಕೆ ಬರುವಾಗ ಅದರ ಸಂಖ್ಯೆ 16595. ಹಗಲು ರೈಲು 16516 ಯಶವಂತಪುರಕ್ಕೆ ಹೋಗುತ್ತದೆ, ಅದು ವಾರದ ಕೆಲವು ದಿನ ಮಾತ್ರ. ಮುರ್ಡೇಶ್ವರದಿಂದ ಮಂಗಳೂರು, ಮೈಸೂರು ಮೇಲೆ ಹೋಗುವ ಇನ್ನೊಂದು ರೈಲು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಹೋಗುತ್ತದೆ. ಕರೆಯಲು ಬರುವ ತಂಗಿಗೋ ಭಾವನಿಗೋ ನಿಲ್ದಾಣದ ಹೆಸರು ಸರಿಯಾಗಿ ಹೇಳಿ. ಯಶವಂತಪುರಕ್ಕೂ ಬೈಯಪ್ಪನಹಳ್ಳಿಗೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಎಂದು ಅಲ್ಲಿದ್ದವರಿಗೆ ಗೊತ್ತು.

ಮಂಗಳೂರು–ಮಡಗಾಂವ ವಂದೇ ಭಾರತ್ 2023ರ ಡಿಸೆಂಬರ್ 30ರಂದು ಶುರುವಾಯಿತು. ಶುರುವಾದಾಗ ನಡುವೆ ನಿಲುಗಡೆ ಕೊಟ್ಟದ್ದು ಉಡುಪಿ ಮತ್ತು ಕಾರವಾರ ಎರಡೇ ಕಡೆ. ಅದರಲ್ಲಿ ಜನರಲ್ ಬೋಗಿ ಇಲ್ಲ, ಮಲಗುವ ಸೀಟೂ ಇಲ್ಲ. ದರ ಜಾಸ್ತಿ. ವಯಸ್ಸಾದವರನ್ನು ಹಗಲಲ್ಲಿ ಬೇಗ ಕರೆದುಕೊಂಡು ಹೋಗಬೇಕಾದರೆ ಒಳ್ಳೆಯದು.

ಹೆಜ್ಜೆ 3: ಟಿಕೆಟ್

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್ 1ಕ್ಕೆ ಮೊದಲು ಅದು 120 ದಿನ ಇತ್ತು. ಗಣೇಶ ಚೌತಿ, ದೀಪಾವಳಿ, ಮೇ ರಜೆಗೆ ಊರಿಗೆ ಬರುವವರು ಆ 60ನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಚೌತಿಗೆ ಮುಂಬೈಯಿಂದ ಇಡೀ ಕೊಂಕಣ ಊರಿಗೆ ಹೊರಡುತ್ತದೆ. ಮತ್ಸ್ಯಗಂಧಾ, ನೇತ್ರಾವತಿಯಲ್ಲಿ ಸೀಟು ನೋಡನೋಡುತ್ತಲೇ ಮುಗಿಯುತ್ತದೆ.

ಒಂದು ಗುಟ್ಟು ಬಹಳ ಜನರಿಗೆ ಗೊತ್ತಿಲ್ಲ. ಕಾರವಾರದಿಂದಲೇ ಹೊರಡುವ ರೈಲಿನಲ್ಲಿ ನಮಗೆ ಸಿಗುವ ಸೀಟು ಹೆಚ್ಚು. ಮುಂಬೈಯಿಂದ ಕೇರಳಕ್ಕೆ ಹೋಗುವ ರೈಲಿನಲ್ಲಿ ಕಾರವಾರ ನಡುವಿನ ಊರು, ಅಲ್ಲಿಗೆ ಸಿಗುವ ಪಾಲು ಚಿಕ್ಕದು. ವೇಟಿಂಗ್ ಲಿಸ್ಟಿನ ನಂಬರ್ ಒಂದೇ ಆಗಿದ್ದರೂ ಪಂಚಗಂಗಾದಲ್ಲಿ ಖಚಿತವಾಗುವಷ್ಟು ಸಲೀಸಾಗಿ ಆ ರೈಲುಗಳಲ್ಲಿ ಆಗುವುದಿಲ್ಲ. ಟಿಕೆಟ್ಟಿನ ಮೇಲೆ ಜಿಎನ್‌ಡಬ್ಲ್ಯುಎಲ್ (ಸಾಮಾನ್ಯ ವೇಟಿಂಗ್ ಲಿಸ್ಟ್) ಎಂದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಪಿಕ್ಯುಡಬ್ಲ್ಯುಎಲ್ ಅಥವಾ ಆರ್‌ಎಲ್‌ಡಬ್ಲ್ಯುಎಲ್ (ನಡುವಿನ ಊರುಗಳ ಚಿಕ್ಕ ಪಾಲಿನ ವೇಟಿಂಗ್ ಲಿಸ್ಟ್) ಎಂದಿದ್ದರೆ ಬೇರೆ ದಾರಿಯನ್ನೂ ನೋಡಿಟ್ಟುಕೊಳ್ಳಿ.

ತುರ್ತಿಗೆ ಎಂದು ಇರುವ ತತ್ಕಾಲ್ ಟಿಕೆಟ್ ಹಿಂದಿನ ದಿನ ತೆರೆಯುತ್ತದೆ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಟಿಕೆಟ್ ಮಾಡುವ ಐಆರ್‌ಸಿಟಿಸಿ ಖಾತೆ ಆಧಾರ್ ಜೊತೆ ಜೋಡಣೆಯಾಗಿರಬೇಕು. ಈ ಕೆಲಸವನ್ನು ಇವತ್ತೇ ಮಾಡಿಟ್ಟುಕೊಳ್ಳಿ, ಆಸ್ಪತ್ರೆಗೆ ಓಡುವ ದಿನ ಒಟಿಪಿ ಹುಡುಕುತ್ತಾ ಕೂರುವುದು ಬೇಡ. ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ. ಆನ್‌ಲೈನಿನಲ್ಲಿ ಮಾಡಿದ ಟಿಕೆಟ್ ಚಾರ್ಟ್ (ಪ್ರಯಾಣಿಕರ ಕೊನೆಯ ಪಟ್ಟಿ) ಆದ ಮೇಲೂ ಪೂರ್ತಿ ವೇಟಿಂಗಿನಲ್ಲೇ ಉಳಿದರೆ ತಾನೇ ರದ್ದಾಗಿ ಹಣ ಖಾತೆಗೆ ಬರುತ್ತದೆ. ಅದನ್ನು ಹಿಡಿದುಕೊಂಡು ರೈಲು ಹತ್ತಬೇಡಿ.

ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವಾದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರ ಒಳಗಿನವರಿಗೆ ಬರ್ತ್ ಬೇಕಿದ್ದರೆ ಪೂರ್ತಿ ದರ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆಯಿಯಂಥವರಿಗೆ ಅದು ದೊಡ್ಡ ಆಸರೆಯಾಗಿತ್ತು, ವಾಪಸ್ ಬರಲೇಬೇಕು ಎನ್ನುವುದು ನನ್ನ ಮಾತು. ಆದರೂ ಬುಕಿಂಗ್ ಮಾಡುವಾಗ ವಯಸ್ಸು ಸರಿಯಾಗಿ ಬರೆಯಿರಿ. ಗಂಡಸರಿಗೆ 60, ಹೆಂಗಸರಿಗೆ 45 ದಾಟಿದ್ದರೆ ಕೆಳಗಿನ ಬರ್ತ್‌ಗೆ ಬೇರೆ ಕೋಟಾ ಇದೆ. ಹಿರಿಯರ ಟಿಕೆಟನ್ನು ಮನೆಮಂದಿಯ ದೊಡ್ಡ ಗುಂಪಿನ ಜೊತೆ ಸೇರಿಸದೆ ಬೇರೆಯಾಗಿ ಮಾಡಿದರೆ ಆ ಕೋಟಾ ಸಿಗುವುದು ಸುಲಭ.

ಪ್ಯಾಸೆಂಜರ್ ರೈಲಿಗೆ, ಜನರಲ್ ಬೋಗಿಗೆ ಕೌಂಟರಿನಲ್ಲಿ ಅಥವಾ ರೈಲ್‌ಒನ್ ಆ್ಯಪಿನಲ್ಲಿ ಟಿಕೆಟ್ ತೆಗೆಯಬಹುದು. ಆ್ಯಪಿನಲ್ಲಾದರೆ ನಿಲ್ದಾಣ ತಲುಪುವ ಮೊದಲೇ ತೆಗೆಯಿರಿ, ಪ್ಲಾಟ್‌ಫಾರ್ಮಿನ ಮೇಲೆ ನಿಂತು ಮಾಡಲು ಹೋದರೆ ಅದು ಬಿಡುವುದಿಲ್ಲ. ಇನ್ನೊಂದು, 200 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ತೆಗೆದ ಮೇಲೆ ಮೂರು ಗಂಟೆಯೊಳಗೆ ಅಥವಾ ಆ ಕಡೆಗೆ ಹೋಗುವ ಮೊದಲ ರೈಲಿಗೆ ಹೊರಡಬೇಕು. ಕುಮಟಾಕ್ಕೆ ಸಂಜೆ ಹೋಗುವವರು ಬೆಳಿಗ್ಗೆಯೇ ಟಿಕೆಟ್ ತೆಗೆದಿಟ್ಟರೆ ಉಪಯೋಗವಿಲ್ಲ.

ಹೆಜ್ಜೆ 4: ಪೇಟೆಯಿಂದ ಶಿರವಾಡಕ್ಕೆ

ರೈಲಿಗೆ ಒಂದು ಗಂಟೆ ಇರುವಾಗ ಮನೆ ಬಿಡಿ. ಆಟೋದಲ್ಲಿ ಇಪ್ಪತ್ತು ನಿಮಿಷ ಸಾಕು, ನಿಜ. ಆದರೆ ಆಟೋ ಸಿಗಬೇಕಲ್ಲ. ಮಳೆ ಹೊಯ್ಯುವ ಸಂಜೆ, ಎಲ್ಲರೂ ಒಂದೇ ರೈಲಿಗೆ ಹೊರಟಾಗ, ಪೇಟೆಯಲ್ಲಿ ಖಾಲಿ ಆಟೋ ಸಿಗುವುದು ಕಷ್ಟ. ಗುರುತಿನ ಆಟೋದವರ ನಂಬರ್ ಒಂದಲ್ಲ, ಎರಡು ಇಟ್ಟುಕೊಳ್ಳಿ. ಬಾಡಿಗೆ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಬಸ್ಸೂ ಇದೆ. ಹಬ್ಬುವಾಡದ ಮೇಲೆ ಕೈಗಾ ರಸ್ತೆಯಲ್ಲಿ ಕದ್ರಾ, ಮಲ್ಲಾಪುರ ಕಡೆ ಹೋಗುವ ಬಸ್ಸುಗಳು ಶಿರವಾಡ ಹಾದು ಹೋಗುತ್ತವೆ. "ಶಿರವಾಡ ಸ್ಟೇಷನ್ ಹತ್ತಿರ ನಿಲ್ಲಿಸುತ್ತೀರಾ?" ಎಂದು ಕಂಡಕ್ಟರನ್ನು ಕೇಳಿ ಹತ್ತಿ. ಇಳಿದ ಮೇಲೆ ಸ್ವಲ್ಪ ನಡೆಯಬೇಕು, ಕೈಯಲ್ಲಿ ಭಾರ ಕಡಿಮೆ ಇರಲಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ಕೈಯಲ್ಲಿರಲಿ. ರಾತ್ರಿಯ ರೈಲಿಗೆ ಬಸ್ಸನ್ನು ನಂಬಬೇಡಿ.

ಸದಾಶಿವಗಡ, ಮಾಜಾಳಿ ಕಡೆಯಿಂದ ಬರುವವರು ಕಾಳಿ ಸೇತುವೆ ದಾಟಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಹೆದ್ದಾರಿಯ ಹಳೆಯ ಸೇತುವೆ ಕುಸಿದ ಮೇಲೆ ಅಲ್ಲಿನ ಓಡಾಟದ ಲೆಕ್ಕವೇ ಬದಲಾಯಿತು. ಅವರು ಇನ್ನೂ ಅರ್ಧ ಗಂಟೆ ಮುಂಚೆ ಹೊರಡಲಿ. ಪ್ಯಾಸೆಂಜರ್ ರೈಲಾದರೆ ಅಸ್ನೋಟಿಯಲ್ಲೇ ಹತ್ತುವುದು ಇನ್ನೂ ಹತ್ತಿರ.

ಹೆಜ್ಜೆ 5: ನಿಲ್ದಾಣದೊಳಗೆ

ಇದು ಚಿಕ್ಕ ನಿಲ್ದಾಣ, ದಾರಿ ತಪ್ಪುವ ಭಯವಿಲ್ಲ. ಕೊಂಕಣ ರೈಲ್ವೆಯ ಎರಡು ವಿಭಾಗಗಳಲ್ಲಿ ಒಂದರ ಕೇಂದ್ರ ಕಾರವಾರವೇ, ಇನ್ನೊಂದು ರತ್ನಾಗಿರಿ. ಬಿಡಲು ಬಂದವರು 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಯಿರಿ. ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ದೂರದಿಂದ ಬರುವ ರೈಲು ಇಲ್ಲಿ ನಿಲ್ಲುವುದು ಕೆಲವೇ ನಿಮಿಷ, ವಯಸ್ಸಾದವರು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಓಡಲಾರರು. ರೈಲು ಎದುರಿನ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಕೊನೆಗೆ ಹೇಳಿದರೂ ಹಳಿ ದಾಟಬೇಡಿ, ಮೇಲ್ಸೇತುವೆ ಹತ್ತಿ.

ರಾತ್ರಿ ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಲೇಸು. ನೀರಿನ ಬಾಟಲಿಯೂ. ಸ್ಲೀಪರಿನಲ್ಲಿ ಒಬ್ಬರಿಗೆ 40 ಕಿಲೋ ಸಾಮಾನು ಒಯ್ಯಬಹುದು. ಬೆಂಗಳೂರಿನ ಮಕ್ಕಳಿಗೆ ಎಂದು ತೆಂಗಿನಕಾಯಿ, ಅಕ್ಕಿ, ಹಪ್ಪಳದ ಡಬ್ಬಿ, ಉಪ್ಪಿನಕಾಯಿ ಭರಣಿ ಎಲ್ಲ ಸೇರಿದರೆ 40 ಕಿಲೋ ಆಗುವುದು ಕಷ್ಟವೇನಲ್ಲ. ಹಸಿ ಮೀನು ಬೋಗಿಯೊಳಗೆ ಬೇಡ, ಅಕ್ಕಪಕ್ಕದವರು ಇಡೀ ರಾತ್ರಿ ಕಳೆಯಬೇಕಲ್ಲ.

ಏನೇ ತೊಂದರೆ ಬಂದರೂ 139ಕ್ಕೆ ಫೋನ್ ಮಾಡಿ. ರೈಲು ಎಲ್ಲಿದೆ ಎಂದು ತಿಳಿಯಲು, ಸಾಮಾನು ಕಳೆದರೆ, ಬೋಗಿಯಲ್ಲಿ ಯಾರಾದರೂ ಕಾಡಿದರೆ, ಎಲ್ಲದಕ್ಕೂ ಅದೇ ಸಂಖ್ಯೆ. ಟಿಕೆಟ್ಟಿನ 10 ಅಂಕಿಯ ಪಿಎನ್‌ಆರ್ ಕೈಯಲ್ಲಿರಲಿ.

ಹೆಜ್ಜೆ 6: ಮಳೆಗಾಲದ ರೈಲು

ಕೊಂಕಣ ರೈಲ್ವೆಗೆ ವರ್ಷದಲ್ಲಿ ಎರಡು ವೇಳಾಪಟ್ಟಿ. ಮಳೆಗಾಲದ ಪಟ್ಟಿ ಬಹಳ ವರ್ಷ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇತ್ತು. ಈ ಅವಧಿಯಲ್ಲಿ ರೈಲು ನಿಧಾನ ಹೋಗುತ್ತದೆ, ಜೋರು ಮಳೆ ಇದ್ದರೆ ಗಂಟೆಗೆ 40 ಕಿಲೋಮೀಟರಿಗೆ ಇಳಿಸುತ್ತಾರೆ. ಹೊರಡುವ, ಮುಟ್ಟುವ ಹೊತ್ತು ಎರಡೂ ಬದಲಾಗುತ್ತವೆ. ಕೆಲವು ರೈಲು ನಿಮ್ಮ ನಿಲ್ದಾಣಕ್ಕೆ ಮೊದಲಿಗಿಂತ ಬೇಗ ಬರುತ್ತದೆ! ಅದಕ್ಕೆ ಏಪ್ರಿಲಿನಲ್ಲಿ ಬುಕ್ ಮಾಡಿದ ಜೂನ್ ಟಿಕೆಟ್ಟಿನ ಸಮಯವನ್ನು ಹೊರಡುವ ಎರಡು ದಿನ ಮೊದಲು ಮತ್ತೆ ನೋಡಿಕೊಳ್ಳಿ.

ಈ ನಿಧಾನಕ್ಕೆ ಬೇಸರ ಪಡುವವರಿಗೆ ಒಂದು ಘಟನೆ ನೆನಪಿಸುತ್ತೇನೆ. 2003ರ ಜೂನ್ 22ರ ರಾತ್ರಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಗುಡ್ಡದ ಬಂಡೆಗಳು ಹಳಿಯ ಮೇಲೆ ಬಿದ್ದು ರೈಲೊಂದು ಹಳಿ ತಪ್ಪಿತು. 50ಕ್ಕೂ ಹೆಚ್ಚು ಜನ ಸತ್ತರು. ಅದು ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾಕಾಲದ ವಿಶೇಷ ರೈಲು. ಅದರ ಮರುವರ್ಷ ಮತ್ಸ್ಯಗಂಧಾವೂ ಮಳೆಗಾಲದಲ್ಲೇ ಅಪಘಾತಕ್ಕೆ ಸಿಕ್ಕಿತು. ಗುಡ್ಡ ಕೊರೆದ ಜಾಗಗಳಿಗೆ ಬಲೆ, ಗೋಡೆ, ಹಗಲು ರಾತ್ರಿ ಗಸ್ತು, ಕಡಿಮೆ ವೇಗ, ಈ ಎಲ್ಲದರ ಹಿಂದೆ ಆ ಜೀವಗಳಿವೆ.

ಒಂದು ಸಲ ಆಷಾಢದ ರಾತ್ರಿ ಅಂಕೋಲಾ ದಾಟಿ ನಮ್ಮ ರೈಲು ನಿಂತಿತ್ತು. ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಹೊರಗೆ ಕತ್ತಲಲ್ಲಿ ಒಂದು ಟಾರ್ಚ್ ಬೆಳಕು ನಿಧಾನವಾಗಿ ಬಂತು. ಗಸ್ತಿನವನು. ತಲೆಯಿಂದ ಮೊಣಕಾಲಿನವರೆಗೆ ರೇನ್‌ಕೋಟ್, ಕೈಯಲ್ಲಿ ದೀಪ, ಬೆನ್ನಿಗೆ ಚೀಲ. ಹಳಿಯ ಪಕ್ಕದ ಗುಡ್ಡಕ್ಕೆ ಬೆಳಕು ಹಾಯಿಸಿ, ನಿಂತು, ನೋಡಿ, ಮತ್ತೆ ಮುಂದೆ ನಡೆದ. ನಮ್ಮ ಬೋಗಿಯಲ್ಲಿ ಬಹಳ ಜನ ನಿದ್ದೆಯಲ್ಲಿದ್ದರು. ಹತ್ತು ನಿಮಿಷದ ಮೇಲೆ ರೈಲು ಹೊರಟಿತು.

ಮಳೆ ಇಲ್ಲದಾಗಲೂ ರೈಲು ಸುಮ್ನೆ ನಿಂತರೆ ಗಾಬರಿಯಾಗಬೇಡಿ. ಈ ದಾರಿಯ ಬಹುಪಾಲು ಒಂದೇ ಹಳಿ. ಎದುರಿನಿಂದ ಬರುವ ರೈಲಿಗೆ ದಾರಿ ಬಿಡಲು ಯಾವುದಾದರೂ ನಿಲ್ದಾಣದಲ್ಲಿ ಕಾಯಬೇಕು. ಇದನ್ನೇ ಕ್ರಾಸಿಂಗ್ ಎನ್ನುವುದು. ಅಲ್ಲಿ ನಿಲುಗಡೆ ಇಲ್ಲದಿದ್ದರೂ ರೈಲು ಇಪ್ಪತ್ತು ನಿಮಿಷ ನಿಂತೀತು. ಬೀಡಿ ಸೇದಲೋ ನೀರು ತರಲೋ ಇಳಿಯಬೇಡಿ, ಹೊರಡುವ ಮುನ್ಸೂಚನೆ ಯಾರೂ ಕೊಡುವುದಿಲ್ಲ. ಈ ಕಾರಣಕ್ಕೇ ಬೆಂಗಳೂರಿನಲ್ಲಿ ಪರೀಕ್ಷೆ, ಸಂದರ್ಶನ ಇದ್ದವರು ಅದೇ ದಿನ ಬೆಳಿಗ್ಗೆ ಮುಟ್ಟುವ ರೈಲನ್ನು ನಂಬದೆ ಒಂದು ದಿನ ಮೊದಲೇ ಹೋಗಿ.

ಇಷ್ಟಾದರೂ ನಮ್ಮ ಕರಾವಳಿಗೆ ಮಳೆಗಾಲದಲ್ಲಿ ಈ ಹಳಿ ಎಷ್ಟು ದೊಡ್ಡ ಆಸರೆ ಎಂಬುದು 2024ರಲ್ಲಿ ಗೊತ್ತಾಯಿತು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಹಳ ದಿನ ಬಂದ್ ಆಗಿತ್ತು. ಅಂಥ ಹೊತ್ತಿನಲ್ಲಿ ಕಾರವಾರಕ್ಕೂ ಕುಮಟಾಕ್ಕೂ ನಡುವೆ ಓಡಾಡುವವರು ಮೊದಲು ನೋಡಬೇಕಾದದ್ದು ರೈಲಿನ ವೇಳಾಪಟ್ಟಿ.

ಹೆಜ್ಜೆ 7: ಯಾವ ಬದಿ ಕೂರಬೇಕು?

ಹಗಲು ರೈಲಾದರೆ ಇದೂ ಮುಖ್ಯವೇ. ದಕ್ಷಿಣಕ್ಕೆ ಹೋಗುವಾಗ ಸಮುದ್ರದ ಕಡೆ ಬಲಗಡೆ, ಗುಡ್ಡ ಎಡಗಡೆ. ಹೊನ್ನಾವರದಲ್ಲಿ ಶರಾವತಿ ಸೇತುವೆ ಬಂದಾಗ ಎರಡೂ ಕಡೆ ನೋಡಿ. ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಉದ್ದದ ಸೇತುವೆ ಅದು. ಹಳಿಯ ಸದ್ದು ಬದಲಾಗುತ್ತದೆ, ಮಾತಾಡುತ್ತಿದ್ದವರು ಸುಮ್ಮನಾಗುತ್ತಾರೆ, ಕೆಳಗೆ ನೀರು ಮುಗಿಯುವುದೇ ಇಲ್ಲ. ಯಶವಂತಪುರದ ಹಗಲು ರೈಲಿನಲ್ಲಿ ಸುಬ್ರಹ್ಮಣ್ಯ ರೋಡ್ ದಾಟಿ ಸಕಲೇಶಪುರದವರೆಗಿನ ಘಟ್ಟವೂ ಸಿಗುತ್ತದೆ, 50ಕ್ಕೂ ಹೆಚ್ಚು ಸುರಂಗ. ಮಕ್ಕಳಿದ್ದರೆ ಎಣಿಸಲು ಹೇಳಿ. ಘಟ್ಟದಲ್ಲಿ ಕೆಲಸ ನಡೆದಾಗ ಈ ರೈಲನ್ನು ತಿಂಗಳುಗಟ್ಟಲೆ ನಿಲ್ಲಿಸುವುದುಂಟು, ಹೊರಡುವ ಮೊದಲು ವಿಚಾರಿಸಿ.

ಹೆಜ್ಜೆ 8: ವಾಪಸ್ ಬಂದು ಇಳಿಯುವಾಗ

ರಾತ್ರಿ ಬರುವವರು ಮೊಬೈಲಿಗೆ ಅಲಾರಂ ಇಡಿ. ಗೋವಾ ಕಡೆಯಿಂದ ಬಂದರೆ ಕಾಳಿ ಸೇತುವೆಯ ಗಡಗಡ ಸದ್ದೇ ಸೂಚನೆ, ಸೇತುವೆ ಮುಗಿಯುವುದರೊಳಗೆ ಚೀಲ ಕೆಳಗಿಳಿಸಿ ಬಾಗಿಲ ಹತ್ತಿರ ಬನ್ನಿ. ಮಂಗಳೂರು ಕಡೆಯಿಂದ ಬಂದರೆ ಹಾರವಾಡ ಆದ ಮೇಲೆ ಸುಮಾರು ಮೂರು ಕಿಲೋಮೀಟರಿನ ಕಾರವಾರ ಸುರಂಗ ಬರುತ್ತದೆ. ಒಳಗೆ ಫೋನ್ ಸಿಗುವುದಿಲ್ಲ. ಅದಕ್ಕೆ ಆಟೋದವರಿಗೆ "ಬಂದೆ, ಹೊರಡಿ" ಎಂದು ಹೇಳುವುದನ್ನು ಅಂಕೋಲಾದಲ್ಲೇ ಹೇಳಿಬಿಡಿ. ಅವರು ಪೇಟೆಯಿಂದ ಬರಲು ಬೇಕಾಗುವ ಹೊತ್ತಿಗೆ ನೀವೂ ಶಿರವಾಡಕ್ಕೆ ಬಂದಿರುತ್ತೀರಿ.

ಆಯಿ ಜೊತೆಗಿದ್ದರೆ ನಾನು ಎಲ್ಲರೂ ಇಳಿದ ಮೇಲೆ ಇಳಿಯುವವನಲ್ಲ, ಮೊದಲೇ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಮೊದಲು ಚೀಲ ಇಳಿಸಿ, ಆಮೇಲೆ ನಾನು ಇಳಿದು, ಎರಡೂ ಕೈ ಚಾಚಿ ಅವಳನ್ನು ಇಳಿಸಿಕೊಳ್ಳುತ್ತೇನೆ. ಬೋಗಿಯ ಕೊನೆಯ ಮೆಟ್ಟಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಂದು ಇರುತ್ತದೆ, ರಾತ್ರಿ ಅದು ಸರಿಯಾಗಿ ಕಾಣುವುದಿಲ್ಲ. ಹೊರಗೆ ಗುರುತಿನ ಆಟೋ ನಿಂತಿರುತ್ತದೆ. ಹಬ್ಬುವಾಡ ದಾಟುವ ಹೊತ್ತಿಗೆ ಸಮುದ್ರದ ಗಾಳಿ ಮುಖಕ್ಕೆ ಬರುತ್ತದೆ, ಆಯಿ ಸೆರಗು ಸರಿಮಾಡಿಕೊಂಡು, "ಬಂತು ನೋಡು ಊರು" ಎನ್ನುತ್ತಾಳೆ.